ಸೆನೆಗಲ್‌ನ ತಟ್ಟೆಯಲ್ಲಿ ಮೀನು ಯಾಕೆ ಕಮ್ಮಿಯಾಗುತ್ತಿದೆ?

ಪ್ರಶ್ನೆ: ನನ್ನ ತಮ್ಮ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಗೊಬ್ಬರ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಮಧ್ಯಾಹ್ನ ಮೀನು-ಅನ್ನವೇ ಊಟವಂತೆ. ಆದರೆ ಮೀನಿನ ರೇಟು ಏರುತ್ತಲೇ ಇದೆ ಅಂತಾನೆ. ಎದುರಿಗೇ ಅಷ್ಟು ದೊಡ್ಡ ಸಮುದ್ರ ಇದ್ದೂ ಯಾಕೆ ಹೀಗೆ? ಇದಕ್ಕೆಲ್ಲ ಯುರೋಪಿನ ಹಡಗುಗಳೇ ಕಾರಣವಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮ ತಮ್ಮ ತಿನ್ನುತ್ತಿರುವುದು ಚೆಬು ಜೆನ್ ಇರಬೇಕು. ಮೀನಿನ ತುಂಡಿಗೆ ಸೀಳು ಹಾಕಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಪಾರ್ಸ್ಲಿ ಸೊಪ್ಪು ಜಜ್ಜಿ ತುಂಬುತ್ತಾರೆ. ಟೊಮೆಟೊ ಸಾರಿನಲ್ಲಿ ಕ್ಯಾರೆಟ್, ಎಲೆಕೋಸು, ಬದನೆ, ಮರಗೆಣಸಿನ ಜೊತೆ ಬೇಯಿಸುತ್ತಾರೆ. ಆಮೇಲೆ ಮೀನು, ತರಕಾರಿ ಎತ್ತಿಟ್ಟು ಅದೇ ಸಾರಿನಲ್ಲಿ ಅನ್ನ ಮಾಡುತ್ತಾರೆ. ಅನ್ನಕ್ಕೆ ಅವರಿಗೆ ನುಚ್ಚಕ್ಕಿಯೇ ಆಗಬೇಕು. ಅದರಲ್ಲಿ ದೊಡ್ಡ ಪಾಲು ನಮ್ಮ ದೇಶದಿಂದಲೇ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಲ್ಲಿಸಿತ್ತು. ಮುಂದಿನ ವರ್ಷ ಸೆನೆಗಲ್‌ಗೆ ಅಂತಲೇ ಬೇರೆ ಅನುಮತಿ ಕೊಡಬೇಕಾಯಿತು.

ಮನೆಯವರೆಲ್ಲ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂತು ಉಣ್ಣುತ್ತಾರೆ. ಮೀನು ನಡುವೆ ಇರುತ್ತದೆ. ತಾಯಿ ಅದನ್ನು ಮುರಿದು ಒಬ್ಬೊಬ್ಬರ ಮುಂದಕ್ಕೂ ಒಂದೊಂದು ಚೂರು ತಳ್ಳುತ್ತಾಳೆ. ರೇಟು ಏರಿದರೆ ಆ ಚೂರು ಸಣ್ಣದಾಗುತ್ತದೆ, ಅನ್ನ ಜಾಸ್ತಿಯಾಗುತ್ತದೆ. ಸೆನೆಗಲ್ ಜನರಿಗೆ ಪ್ರಾಣಿಗಳಿಂದ ಸಿಗುವ ಪ್ರೋಟೀನ್‌ನಲ್ಲಿ ಶೇ 40ಕ್ಕಿಂತ ಜಾಸ್ತಿ ಮೀನಿನದೇ. ಹಾಗಾಗಿ ಇದು ಬರೀ ರುಚಿಯ ಮಾತಲ್ಲ.

ಈಗ ಸಮುದ್ರಕ್ಕೆ ಬರೋಣ. ನವೆಂಬರ್‌ನಿಂದ ಮೇವರೆಗೆ ಅಲ್ಲಿ ಉತ್ತರದ ಗಾಳಿ ಜೋರಾಗಿ ಬೀಸುತ್ತದೆ. ಮೇಲಿನ ಬೆಚ್ಚಗಿನ ನೀರನ್ನು ಅದು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಸತ್ವ ತುಂಬಿದ ನೀರು ಏರಿ ಬರುತ್ತದೆ. ಮೀನಿಗೆ ಮೇವು ಹುಟ್ಟುವುದು ಅಲ್ಲಿಂದ. ಇಂಥ ಫಲವತ್ತಾದ ಸಮುದ್ರ ಪ್ರಪಂಚದಲ್ಲಿ ಕೆಲವೇ ಕಡೆ ಇದೆ.

ಅಲ್ಲಿ ಬಡವರ ಮೀನು ಅಂದರೆ ಸಾರ್ಡಿನೆಲ್ಲಾ. ಊರಿನವರು ಯಾಬೋಯ್ ಅನ್ನುತ್ತಾರೆ. ನಿಮ್ಮ ಮಲ್ಪೆಯ ಬೂತಾಯಿಯೂ ಇದೇ ಕುಲದ್ದು. ಮೊದಲೆಲ್ಲ ಚೆಬು ಜೆನ್‌ಗೆ ಚ್ಯೋಫ್ ಎಂಬ ದೊಡ್ಡ ಬಿಳಿ ಗ್ರೂಪರ್ ಹಾಕುವುದೇ ಹೆಮ್ಮೆ. ಅದನ್ನು ಹಿಡಿದು ಹಿಡಿದು ಕಮ್ಮಿ ಮಾಡಿದರು. ಉಳಿದದ್ದು ಶ್ರೀಮಂತರಿಗೆ, ರಫ್ತಿಗೆ ಹೋಯಿತು. ಸಾಮಾನ್ಯರು ಯಾಬೋಯ್‌ಗೆ ಬಂದರು. ಈಗ ಅದಕ್ಕೂ ಕಷ್ಟ ಬಂದಿದೆ.

ಯುರೋಪಿನ ಬಗ್ಗೆ ಕೇಳಿದ್ದೀರಿ. ಯುರೋಪಿನ ಒಕ್ಕೂಟದ ಜೊತೆ ಸೆನೆಗಲ್ 2014ರಲ್ಲಿ ಮಾಡಿಕೊಂಡು 2019ರಲ್ಲಿ ಮುಂದುವರಿಸಿದ ಒಪ್ಪಂದ ಟ್ಯೂನಾ ಮತ್ತು ಹೇಕ್ ಮೀನಿನದ್ದು. ಅದರಲ್ಲಿ ಯಾಬೋಯ್ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಆ ಒಪ್ಪಂದವೂ ಮುಗಿಯಿತು. ಯಾಬೋಯ್‌ಗೆ ನೇರವಾಗಿ ಕೈ ಹಾಕಿದ್ದು ರಷ್ಯಾ ಮುಂತಾದ ಕಡೆಯ ದೈತ್ಯ ಟ್ರಾಲರ್‌ಗಳು. ಮೀನುಗಾರರು ಗಲಾಟೆ ಮಾಡಿದ ಮೇಲೆ 2012ರಲ್ಲಿ ಸರ್ಕಾರ 29 ಹಡಗುಗಳ ಲೈಸೆನ್ಸ್ ರದ್ದು ಮಾಡಿತು. ಒಳ್ಳೆಯ ಕೆಲಸ. ಆದರೂ ಮೀನು ಮೊದಲಿನ ಹಾಗೆ ಹೆಚ್ಚಲಿಲ್ಲ.

ಇನ್ನೊಂದು ಕಾರಣ ಹೇಳುವುದು ಸ್ವಲ್ಪ ಕಷ್ಟ, ಆದರೆ ಹೇಳಲೇಬೇಕು. ಸೆನೆಗಲ್‌ನಲ್ಲಿ ದಡಕ್ಕೆ ಬರುವ ಮೀನಿನಲ್ಲಿ ಹೆಚ್ಚುಕಮ್ಮಿ ಐದರಲ್ಲಿ ನಾಲ್ಕು ಪಾಲು ತರುವುದು ಅಲ್ಲಿನವರದೇ ಮರದ ದೋಣಿಗಳು. ಪಿರೋಗ್ ಅಂತಾರೆ. ಬಣ್ಣ ಬಳಿದ ಈ ದೋಣಿ ನೋಡಲು ಚಂದ. ಆದರೆ ಕೆಲವು 20 ಮೀಟರ್ ಉದ್ದ ಇರುತ್ತವೆ. ನಮ್ಮ ಪರ್ಸಿನ್ ಬೋಟಿನವರ ಹಾಗೆ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುಗಟ್ಟಿ ಎತ್ತುತ್ತವೆ. ಎಂಜಿನ್, ಸುತ್ತುಬಲೆ ಬಂದ ಮೇಲೆ ದೋಣಿಗಳು ಹೆಚ್ಚುತ್ತಾ ಹೋದವು, ಲಗಾಮು ಹಾಕಿದವರಿಲ್ಲ. ಜೊತೆಗೆ ಸಮುದ್ರ ಬಿಸಿಯಾಗುತ್ತಿದೆ. ಯಾಬೋಯ್ ಉತ್ತರಕ್ಕೆ, ಮೌರಿಟಾನಿಯಾ ಮತ್ತು ಮೊರಾಕ್ಕೊ ಕಡೆಗೆ ಸರಿಯುತ್ತಿದೆ. ಗಡಿಯಲ್ಲೇ ಇರುವ ಸೇಂಟ್ ಲೂಯಿ ಊರಿನ ಮೀನುಗಾರರು ಅದರ ಹಿಂದೆ ಹೋಗಬೇಕೆಂದರೆ ಪಕ್ಕದ ದೇಶದ ಪರವಾನಗಿ ಬೇಕು. 2018ರ ಒಪ್ಪಂದದಲ್ಲಿ ಸಿಕ್ಕಿದ್ದು 400 ದೋಣಿಗಳಿಗೆ ಮಾತ್ರ.

ಪ್ರಶ್ನೆ: ಸೆನೆಗಲ್‌ನಲ್ಲಿ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗಳ ವಿರುದ್ಧ ಹೋರಾಟ ನಡೆದಿದೆ ಎಂದು ಓದಿದೆ. ನಮ್ಮ ಕಡೆಯೂ ಇಂಥ ಕಾರ್ಖಾನೆಗಳಿವೆ. ಮೀನುಗಾರನಿಗೆ ಕೈಗೆ ದುಡ್ಡು ಸಿಗುತ್ತೆ ಅಲ್ವಾ? ತಪ್ಪೇನು?
– ಓದುಗರೊಬ್ಬರು, ಉಳ್ಳಾಲ

ಉತ್ತರ: ದುಡ್ಡು ಸಿಗುತ್ತದೆ, ನಿಜ. ಮೀನುಗಾರನನ್ನು ನಾನು ದೂರುವುದಿಲ್ಲ. ತಲೆ, ಮುಳ್ಳು, ಕೊಳೆತ ಮೀನು ಪುಡಿ ಮಾಡಿದರೆ ಯಾರಿಗೂ ನಷ್ಟವಿಲ್ಲ. ತೊಂದರೆ ಇರುವುದು ಮನುಷ್ಯರು ತಿನ್ನುವ ತಾಜಾ ಮೀನನ್ನು ಪುಡಿ ಮಾಡುವುದರಲ್ಲಿ. ಒಂದು ಕಿಲೊ ಪುಡಿಗೆ 4ರಿಂದ 5 ಕಿಲೊ ಹಸಿ ಮೀನು ಬೇಕು. ಆ ಪುಡಿ ಸೆನೆಗಲ್‌ನಲ್ಲಿ ಉಳಿಯುವುದಿಲ್ಲ. ಬೇರೆ ದೇಶಗಳಲ್ಲಿ ಸಾಕಿದ ಮೀನಿನ ಮೇವಾಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ವರ್ಷಕ್ಕೆ 5 ಲಕ್ಷ ಟನ್‌ಗೂ ಹೆಚ್ಚು ಮೀನು ಹೀಗೆ ಹೋಗುತ್ತಿದೆ, ಅದು 3.3 ಕೋಟಿ ಜನರಿಗೆ ಊಟವಾಗುತ್ತಿತ್ತು ಎಂದು ಪರಿಸರ ಸಂಘಟನೆ ಗ್ರೀನ್‌ಪೀಸ್ 2021ರಲ್ಲಿ ಲೆಕ್ಕ ಹಾಕಿತ್ತು. ಅದರಲ್ಲಿ ದೊಡ್ಡ ಪಾಲು ಮೌರಿಟಾನಿಯಾದ್ದು. ಆದರೆ ಮೀನು ಎಲ್ಲರದೂ ಒಂದೇ. ಅಲ್ಲಿ ಪುಡಿಯಾದದ್ದು ಸೆನೆಗಲ್‌ಗೆ ಬರುವುದಿಲ್ಲ.

ದಡದಲ್ಲಿ ನಡೆಯುವುದನ್ನು ನೋಡಿ. ರಾಜಧಾನಿ ಡಾಕರ್ ಹತ್ತಿರದ ಬಾರ್ನಿ, ದಕ್ಷಿಣದ ಜೋಲ್, ಉತ್ತರದ ಕಯಾರ್ ಊರುಗಳಲ್ಲಿ ಹೆಂಗಸರು ಯಾಬೋಯ್ ಕೊಂಡು, ಹುಲ್ಲು ಅಥವಾ ಶೇಂಗಾ ಸಿಪ್ಪೆಯ ಬೆಂಕಿಯಲ್ಲಿ ಸುಟ್ಟು, ಮೀನಿನ ಚರ್ಮ ಸುಲಿದು, ಉಪ್ಪು ಹಾಕಿ ಒಣಗಿಸುತ್ತಾರೆ. ಇದಕ್ಕೆ ಕೆಚ್ಚಾಖ್ ಎನ್ನುತ್ತಾರೆ. ಫ್ರಿಜ್ ಇಲ್ಲದೆಯೂ ಕೆಡುವುದಿಲ್ಲ. ಒಳನಾಡಿನ ಸಂತೆಗಳಿಗೆ, ಮಾಲಿ, ಬುರ್ಕಿನಾ ಫಾಸೊವರೆಗೂ ಲಾರಿಯಲ್ಲಿ ಹೋಗುತ್ತದೆ. ಸಮುದ್ರವನ್ನೇ ಕಾಣದವರ ಹೊಟ್ಟೆಗೆ ಮೀನು ಸೇರುವುದು ಈ ಹೆಂಗಸರ ಕೈಯಿಂದ. ಅವರು ಮೀನನ್ನು ಸಾಲಕ್ಕೆ ತೆಗೆದುಕೊಂಡು, ಮಾರಿದ ಮೇಲೆ ದುಡ್ಡು ಕೊಡುವವರು. ಫ್ಯಾಕ್ಟರಿಯವರು ಇಡೀ ದೋಣಿಯ ಮೀನಿಗೆ ನಗದು ಎಣಿಸಿದರೆ ಇವರು ಪೈಪೋಟಿ ಮಾಡೋದು ಹೇಗೆ? ಒಲೆ ಹಚ್ಚದೆ ಸುಮ್ನೆ ಕೂರಬೇಕಾಗುತ್ತದೆ. ಕಯಾರ್‌ನ ಜನ ಕಾರ್ಖಾನೆಯಿಂದ ಗಾಳಿ, ನೀರು ಕೆಟ್ಟಿದೆ ಎಂದು ಕೋರ್ಟ್ ಮೆಟ್ಟಿಲೂ ಹತ್ತಿದರು.

ನನ್ನ ಅಭಿಪ್ರಾಯ ನೇರ. ತಿನ್ನುವ ಮೀನು ಮೊದಲು ತಿನ್ನುವವರಿಗೆ ಸೇರಬೇಕು, ಕಾರ್ಖಾನೆಗೆ ಕಸ ಮಾತ್ರ. ಹಾಗೆಯೇ ಮೊರಾಕ್ಕೊ, ಮೌರಿಟಾನಿಯಾ, ಸೆನೆಗಲ್, ಗ್ಯಾಂಬಿಯಾ ಒಟ್ಟಿಗೆ ಕೂತು ಯಾರು ಎಷ್ಟು ಹಿಡಿಯಬೇಕು ಅಂತ ಮಿತಿ ಹಾಕಿಕೊಳ್ಳದಿದ್ದರೆ ಸೆನೆಗಲ್ ಒಂದೇ ಏನು ಮಾಡಿದರೂ ಸಾಲದು.

ಪ್ರಶ್ನೆ: ಮೀನು ಕಮ್ಮಿಯಾದರೆ ಕೋಳಿ ತಿನ್ನಬಹುದಲ್ಲ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದುಡ್ಡಿದ್ದವರು ಈಗಾಗಲೇ ತಿನ್ನುತ್ತಿದ್ದಾರೆ. ಹಕ್ಕಿಜ್ವರದ ಕಾರಣಕ್ಕೆ 2005ರಲ್ಲಿ ಸೆನೆಗಲ್ ಹೊರಗಿನ ಕೋಳಿಮಾಂಸ ನಿಲ್ಲಿಸಿತು. ಆಮೇಲೆ ಅಲ್ಲೇ ಕೋಳಿ ಸಾಕಣೆ ಚೆನ್ನಾಗಿ ಬೆಳೆಯಿತು. ಆದರೆ ಬಡ ಮನೆಗೆ ದಿನಾ ಕೋಳಿ ಕೊಳ್ಳಲು ಆಗುವುದಿಲ್ಲ. ಒಂದೆರಡು ಸಣ್ಣ ಮೀನು, ಚೂರು ಒಣಮೀನು ಮಾತ್ರ ಕೊಳ್ಳಬಹುದು. ಸಣ್ಣ ಮೀನಿನಲ್ಲಿ ಒಮೆಗಾ-3, ಬಿ12 ಇದೆ. ಮೆತ್ತಗಾದ ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಬಸುರಿ, ಬಾಣಂತಿ, ಎಳೆ ಮಕ್ಕಳಿಗೆ ಇದು ಬೇಕೇ ಬೇಕು. ಅಷ್ಟು ಕಡಿಮೆ ದುಡ್ಡಿಗೆ ಇದನ್ನೆಲ್ಲ ಕೊಡುವ ಬೇರೆ ಆಹಾರ ಸದ್ಯಕ್ಕೆ ಅಲ್ಲಿನ ಬಡವರ ಕೈಗೆ ಎಟುಕುತ್ತಿಲ್ಲ.