ಎನ್‌ಎಂಸಿ 811 ಸ್ಲರಿ ಜೆಲ್ ಆಗುತ್ತಿದ್ದರೆ ಮೊದಲು ಫರ್ನೇಸ್ ನೋಡಿ

ಲಿಥಿಯಂ ಕಾರ್ಬೊನೇಟ್ ಬೆರೆಸಿ, 850 ಡಿಗ್ರಿಯಲ್ಲಿ, ಬರೀ ಗಾಳಿಯಲ್ಲಿ ಸುಟ್ಟ ಎನ್‌ಎಂಸಿ 811 (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಇರುವ ಲಿಥಿಯಂ-ಅಯಾನ್ ಬ್ಯಾಟರಿಯ ಕ್ಯಾಥೋಡ್ ವಸ್ತು) ಪುಡಿ ಕೆಪ್ಯಾಸಿಟಿ ಕೊಡುತ್ತಿಲ್ಲ, ಎಲೆಕ್ಟ್ರೋಡ್‌ಗೆ ಬಳಿಯುವ ಲೇಪವಾದ ಸ್ಲರಿಯೂ ಜೆಲ್ ಆಗುತ್ತಿದೆ ಅಂತ ಕೇಳಿದ್ದೀರಿ. ಎರಡರ ಮೂಲವೂ ಬಹುತೇಕ ಒಂದೇ, ಸುಟ್ಟ ರೀತಿ.

ನಿಕಲ್ ಇಷ್ಟು ಜಾಸ್ತಿ ಇದ್ದಾಗ ಅದು 3+ ಸ್ಥಿತಿಗೆ ಏರಿ ಅಲ್ಲೇ ನಿಲ್ಲಬೇಕಾದರೆ ಶುದ್ಧ ಆಮ್ಲಜನಕ ಹರಿಯುತ್ತಿರಬೇಕು. ಇಲ್ಲದಿದ್ದರೆ 2+ನಲ್ಲೇ ಉಳಿದ ನಿಕಲ್ ಲಿಥಿಯಂ ಪದರಕ್ಕೆ ನುಗ್ಗುತ್ತದೆ. ಎರಡೂ ಅಯಾನುಗಳ ತ್ರಿಜ್ಯ ಹತ್ತಿರ ಹತ್ತಿರ, 0.69 ಮತ್ತು 0.76 ಆಂಗ್‌ಸ್ಟ್ರಾಮ್. ಲಿಥಿಯಂ ಓಡಾಡುವ ದಾರಿ ಕಟ್ಟಿಕೊಂಡರೆ ಕೆಪ್ಯಾಸಿಟಿ ಹೋಯಿತು. ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆಯಾದ ಎಕ್ಸ್‌ಆರ್‌ಡಿಯಲ್ಲಿ 003 ಮತ್ತು 104 ಎಂಬ ಶಿಖರಗಳ ತೀವ್ರತೆಯ ಅನುಪಾತ 1.2ಕ್ಕಿಂತ ಕಡಿಮೆ ಬಂದರೆ ಇದನ್ನೇ ಶಂಕಿಸಿ.

ಕಾರ್ಬೊನೇಟ್ ಬದಲು ಲಿಥಿಯಂ ಹೈಡ್ರಾಕ್ಸೈಡ್ ಬಳಸಿ. ಅದು 462 ಡಿಗ್ರಿಗೇ ಕರಗುತ್ತದೆ, ಕಾರ್ಬೊನೇಟ್‌ಗೆ 720 ದಾಟಬೇಕು. ಹಾಗಾಗಿ 750ರ ಆಸುಪಾಸಿನಲ್ಲೇ ಕೆಲಸ ಆಗುತ್ತದೆ.

ಜೆಲ್ ವಿಷಯ: ಪ್ರತಿಕ್ರಿಯೆಗೆ ಒಳಗಾಗದೆ ಮೇಲ್ಮೈಯಲ್ಲಿ ಉಳಿದ ಲಿಥಿಯಂ ತೇವ ಹೀರಿ ಕ್ಷಾರವಾಗುತ್ತದೆ. ಆ ಕ್ಷಾರ ಸ್ಲರಿಯಲ್ಲಿ ಅಂಟಾಗಿ ಬಳಸುವ ಪಾಲಿಮರ್ ಪಿವಿಡಿಎಫ್‌ನಿಂದ ಹೈಡ್ರೋಜನ್ ಫ್ಲೋರೈಡ್ ಕಿತ್ತುಕೊಂಡು ಅದರ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಸ್ವಲ್ಪ ಪುಡಿಯನ್ನು ನೀರಿನಲ್ಲಿ ಕಲಕಿ ಪಿಎಚ್ ನೋಡಿ. 12ರ ಮೇಲಿದ್ದರೆ ಸ್ಲರಿಗೆ ಹಾಕಲೇಬೇಡಿ. ಮುಂದಿನ ಬ್ಯಾಚ್ ತಣ್ಣಗಾಗುತ್ತಲೇ ಗಾಳಿ, ತೇವ ತಾಗದ ಗ್ಲೋವ್‌ಬಾಕ್ಸ್ ಸೇರಲಿ. ಎಕ್ಸ್‌ಆರ್‌ಡಿ ಗ್ರಾಫ್ ಇದ್ದರೆ ಇಲ್ಲಿ ಹಾಕಿ, ನೋಡೋಣ.