ಹಳೆ ಟೆಲಿ ಲೆನ್ಸ್ ಹೋಲಿಸೋದು: ಗಾಜಿಗೆ ಬೈಯೋಕಿಂತ ಮೊದಲ ಗಾಳಿ, ಅಡಾಪ್ಟರ್, ಫೋಕಸ್ ನೋಡ್ರಿ

ಬೀದರಿನ ಸರ್ ಕೇಳಿದ್ದು ಇಷ್ಟು: ಸೋನಿ ಎ6000 ಕ್ಯಾಮೆರಾಕ್ಕ ನಿಕ್ಕರ್ 200 ಎಫ್/4 ಎಐ, ಸೂಪರ್ ಟಾಕುಮಾರ್ 200 ಎಫ್/4, ಜುಪಿಟರ್-37ಎ 135 ಎಫ್/3.5, ಈ ಮೂರೂ ಹಳೆ ಟೆಲಿ (ದೂರದ್ದನ್ನ ಹತ್ತಿರ ತೋರಿಸೋ) ಲೆನ್ಸ್ ಅಡಾಪ್ಟರ್ (ಬ್ಯಾರೆ ಕಂಪನಿ ಲೆನ್ಸ್ ಕೂಡಿಸೋ ಉಂಗುರ) ಹಾಕಿ ಒಂದೊಂದಾಗಿ ಹಚ್ಚಿ, ಮಹಮೂದ್ ಗವಾನ್ ಮದರಸಾದ ಮಿನಾರನ್ನ ಮಧ್ಯಾಹ್ನ ದೂರದಿಂದ ತೆಗೆದಾರ. (200, 135 ಅಂದ್ರ ಎಂಎಂ ಲೆಕ್ಕದಾಗ ಫೋಕಲ್ ಲೆಂತ್; ಎಫ್ ಅಂದ್ರ ಅಪರ್ಚರ್, ಬ್ಲೇಡುಗಳು ತಗದು ಮುಚ್ಚೋ ಬೆಳಕಿನ ಬಾಯಿ, ಅಂಕಿ ದೊಡ್ಡದಾದಷ್ಟು ಬಾಯಿ ಸಣ್ಣ.) ಮೂರೂ ಮಬ್ಬು ಬಂದಾವ, ಅದರಾಗೂ ನಿಕ್ಕರ್ ಭಾಳ ಮಬ್ಬು. ನಿಕ್ಕರ್ ಮಾರಿಬಿಡಲಾ ಅಂತ ಪ್ರಶ್ನೆ.

ಇನ್ನೂ ಮಾರಬ್ಯಾಡ್ರಿ ಸರ್. ನೀವು ಹಾಕಿದ ಫೋಟೋದಾಗ ಲೆನ್ಸ್ ಕಾಣವಲ್ದು, ಗಾಳಿ ಕಾಣ್ಲಿಕತ್ತದ. ಮಿನಾರಿನ ಅಂಚು ಹಿಗ್ಗಿಸಿ ನೋಡ್ರಿ: ನೆಟ್ಟಗಿರಬೇಕಾದ ಗೆರೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕುಸಿದದ. ಹೆಂಚಿನ ಅಂಕುಡೊಂಕು ಪಟ್ಟಿ ಒಂದು ಕಡೆ ಸ್ಪಷ್ಟ, ಗೇಣು ಬಿಟ್ಟು ಕಲಸಿದಂಗ ಅದ. ಲೆನ್ಸ್ ಕೆಟ್ಟಿದ್ರ ಹಿಂಗ ತುಣುಕು ತುಣುಕಾಗಿ ಮಬ್ಬಾಗೂದಿಲ್ಲ. ಇದು ಬಿಸಿಲಿನ ಝಳ. ಕಾದ ನೆಲ, ಕಾದ ಮಾಳಿಗಿ ಮ್ಯಾಲಿನ ಬಿಸಿ ಗಾಳಿ ಪದರ ಪದರಾಗಿ ಏಳ್ತದ, ಪ್ರತಿ ಪದರನೂ ಬೆಳಕನ್ನ ಒಂದೊಂದು ದಿಕ್ಕಿಗೆ ಬಾಗಿಸ್ತದ. ಅಪರ್ಚರ್ ಎಷ್ಟು ಇಳಿಸಿದ್ರೂ ಇದು ಹೋಗೂದಿಲ್ಲ. ಮಾರ್ಚ್‌ನಿಂದ ಮೇ ತನಕ ನಮ್ಮ ಬೀದರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲಾದಾಗ ಮುಂಜಾನೆ 9 ದಾಟಿದ ಮ್ಯಾಲ ದೂರದ ವಸ್ತು ಇಟ್ಟು ಲೆನ್ಸ್ ಹೋಲಿಸೋದು ಬರೇ ಕಾರ್ಡ್ ತುಂಬಿಸೋ ಕೆಲಸ. ಅದರಾಗೂ ಎರಿ ಹೊಲದ ಮ್ಯಾಲಿಂದ ಹಾದು ಹೋಗೋ ನೋಟ ಎಲ್ಲಕ್ಕಿಂತ ಕೆಟ್ಟದು, ಕರಿ ಮಣ್ಣು ಲಗೂನ ಕಾಯ್ತದ.

ಇನ್ನೊಂದು ಝಳ ಲೆನ್ಸಿನ ಒಳಗ ಇರ್ತದ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಕಾರಿನಾಗ ಕಾದ ಲೆನ್ಸ್ ತಂಪು ಹೊತ್ತಿನ್ಯಾಗ ಹೊರಗ ತಗದ್ರ ನಳಿಗಿ ಒಳಗ, ಹುಡ್ ಒಳಗ ಬಿಸಿ ಗಾಳಿ ಸುತ್ತತಿರ್ತದ. 20-30 ನಿಮಿಷ ನೆರಳಿನ್ಯಾಗ ಇಟ್ಟು ಆಮ್ಯಾಲ ಚಾಲೂ ಮಾಡ್ರಿ.

ಈಗ ಪರೀಕ್ಷೆ ಹೆಂಗ ಮಾಡಬೇಕು. ದೂರದ ಮಿನಾರ್ ಬಿಡ್ರಿ, ಹತ್ತಿರದ ಸಪಾಟ ಗೋಡೆ ಹಿಡೀರಿ, ಮುಂಜಾನೆ ನೆರಳಿನ್ಯಾಗ. ಅಂತರ ಫೋಕಲ್ ಲೆಂತಿನ 50 ಪಟ್ಟು ಇಡ್ರಿ: 200ಕ್ಕ 10 ಮೀಟರ್, 135ಕ್ಕ 6.75 ಮೀಟರ್. ಹಂಗ ಇಟ್ರ ಮೂರೂ ಲೆನ್ಸಿನ್ಯಾಗ ಗೋಡೆ ಒಂದೇ ಅಳತಿ ಬರ್ತದ, ನಿಮ್ಮ ಎಪಿಎಸ್-ಸಿ (ಫಿಲ್ಮ್ ಫ್ರೇಮಿಗಿಂತ ಸಣ್ಣ ಅಳತಿಯ) ಸೆನ್ಸರಿಗೆ ಸುಮಾರು 1.2 ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರ. ನಡುವ ಒಂದು, ನಾಕು ಮೂಲಿಗೆ ನಾಕು, ಹಿಂಗ ಐದು ಪತ್ರಿಕೆ ತುಂಡು ಅಂಟಿಸ್ರಿ. ಸಣ್ಣಕ್ಷರದ ಟೆಂಡರ್ ಜಾಹೀರಾತು ಇದ್ದ ಹಾಳಿ ಆದ್ರ ಛಲೋ, ಅದಕ್ಕಿಂತ ಸಣ್ಣ ಅಕ್ಷರ ಬ್ಯಾರೆಲ್ಲೂ ಸಿಗೂದಿಲ್ಲ. 135ನ್ನ 200ರ ಜಾಗದಿಂದಲೇ ತಗದು ಆಮ್ಯಾಲ ಹಿಗ್ಗಿಸಿ ನೋಡೋದು ನ್ಯಾಯ ಅಲ್ಲ.

ಕ್ಯಾಮೆರಾ ಗೋಡೆಗೆ ನೆಟ್ಟಗ ಅದನೋ ಇಲ್ಲೋ ನೋಡಾಕ ನಡುವಿನ ತುಂಡಿನ ಜಾಗದಾಗ ಸಣ್ಣ ಕನ್ನಡಿ ಗೋಡೆಗೆ ಒತ್ತಿ ಹಿಡೀಲಿಕ್ಕೆ ಒಬ್ಬರಿಗೆ ಹೇಳ್ರಿ. ಸ್ಕ್ರೀನಿನ ನಟ್ಟ ನಡುವ ನಿಮ್ಮ ಲೆನ್ಸಿನ ಬಾಯಿನೇ ಕಾಣಬೇಕು. ಅಷ್ಟು ಆಗೂ ತನಕ ಟ್ರೈಪಾಡ್ ಸರಿಸ್ರಿ. ಇದನ್ನ ಬಿಟ್ರ ಒಂದು ಮೂಲಿ ಮಬ್ಬಾಗಿ, ಪಾಪ ಲೆನ್ಸಿಗೆ ಡಿಸೆಂಟರ್ (ಒಳಗಿನ ಗಾಜು ನಡುವಿನಿಂದ ಸರಿದದ) ಅನ್ನೋ ಹೆಸರು ಬರ್ತದ.

ಮೆನುದಾಗ ಲೆನ್ಸ್ ಇಲ್ಲದ ಶಟರ್ ಬಿಡೋ ಆಯ್ಕೆ ಆನ್, ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಶಟರಿನ ನಡುಕ ತಗ್ಗಿಸೋದು) ಆನ್, 2 ಸೆಕೆಂಡ್ ಟೈಮರ್, ಐಎಸ್ಒ 100, ರಾ ಫೈಲ್, ವೈಟ್ ಬ್ಯಾಲೆನ್ಸ್ ಒಂದೇ. ಎ6000 ಬಾಡಿಯೊಳಗ ಸ್ಟೆಬಿಲೈಸರ್ (ಕೈ ನಡುಕ ಸರಿ ಮಾಡೋದು) ಇಲ್ಲ, ಆ ಚಿಂತಿ ನಿಮಗಿಲ್ಲ. ಇದ್ದ ಬಾಡಿಯವರು ಟ್ರೈಪಾಡ್ ಮ್ಯಾಲ ಅದನ್ನ ಆಫ್ ಮಾಡ್ರಿ, ಕೈಯಾಗ ಹಿಡಿದು ತಗಿಯೂ ಮುಂದ ಫೋಕಲ್ ಲೆಂತ್ 200 ಅಂತನೇ ತುಂಬ್ರಿ, 300 ಅಲ್ಲ. ಕ್ರಾಪ್ ಲೆಕ್ಕ (ಸಣ್ಣ ಸೆನ್ಸರಿಗೆ 1.5 ಪಟ್ಟು ಮಾಡೋದು) ಅಲ್ಲಿ ಹಾಕಬಾರದು. ಎ6000 ಕೈಯಾಗ ಹಿಡಿದ್ರ 1/400ಕ್ಕಿಂತ ಕೆಳಗ ಇಳೀಬ್ಯಾಡ್ರಿ.

ಫೋಕಸ್ ವಿಷಯಕ್ಕ ಬರೋಣು, ಹೆಚ್ಚಿನ ಹೋಲಿಕೆ ಕೆಡೋದು ಇಲ್ಲೇ. 200 ಎಂಎಂ, ಎಫ್/4, 10 ಮೀಟರ್: ಚುಕ್ಕಿ 0.03 ಎಂಎಂ ತನಕ ಹಿಗ್ಗಿದ್ರೂ ಚೂಪು ಅನ್ನೋ ಫಿಲ್ಮ್ ಕಾಲದ ಲೆಕ್ಕಕ್ಕ ಫೋಕಸಿನ ಆಳ ಸುಮಾರು 60 ಸೆಂಟಿಮೀಟರ್. ಲೆನ್ಸ್ ಮ್ಯಾಲೆ ಆಳ ತೋರಿಸೋ ಗೆರೆ ಆ ಲೆಕ್ಕದ್ದು. ನಿಮ್ಮ 24 ಮೆಗಾಪಿಕ್ಸೆಲ್ ಸೆನ್ಸರಿನ ಪಿಕ್ಸೆಲ್ 4 ಮೈಕ್ರಾನ್ ಹತ್ರ ಅದ, ನೂರಕ್ಕ ನೂರು ಹಿಗ್ಗಿಸಿ ನೋಡೋರಿಗೆ ಆಳ ಬರೇ 8 ಸೆಂಟಿಮೀಟರ್. ಪೀಕಿಂಗ್ (ಫೋಕಸ್ ಆದ ಅಂಚಿಗೆ ಸ್ಕ್ರೀನ್ ಹಚ್ಚೋ) ಬಣ್ಣ ಇದಕ್ಕಿಂತ ಎಷ್ಟೋ ಅಗಲ ಹೊಳೀತದ, ಅದನ್ನ ನಂಬಿ ಶಟರ್ ಒತ್ತಬ್ಯಾಡ್ರಿ. ಪೂರ್ತಿ ಹಿಗ್ಗಿಸಿ, ರಿಂಗ್ ಅತ್ತ ದಾಟಿಸಿ, ಇತ್ತ ತಂದು, ನಡುವ ನಿಲ್ಲಿಸ್ರಿ. ಪ್ರತಿ ಅಪರ್ಚರಿಗೂ ಹೊಸದಾಗಿ ಫೋಕಸ್ ಮಾಡಿ ಮೂರು ಮೂರು ಫೋಟೋ ತಗದು ಛಲೋ ಇದ್ದದ್ದು ಇಟ್ಕೋರಿ. ಎಫ್/4, 5.6, 8 ಸಾಕು. 11ರ ಮ್ಯಾಲ ಡಿಫ್ರಾಕ್ಷನ್ (ಸಣ್ಣ ಬಾಯಿದಾಗ ಬೆಳಕು ಹರಡೋದು) ಬಂದು ಎಲ್ಲಾ ಲೆನ್ಸೂ ಒಂದೇ ಆಗಿಬಿಡ್ತಾವ.

ಟಾಕುಮಾರಿನ ಹಿಂದಿನ ಆಟೋ-ಮ್ಯಾನ್ಯುಯಲ್ ಸ್ವಿಚ್ ಮ್ಯಾನ್ಯುಯಲ್ ಕಡೆ ಇರಲಿ. ಆಟೋದಾಗ ಇದ್ದು, ಅಡಾಪ್ಟರಿನಾಗ ಲೆನ್ಸಿನ ಹಿಂದಿನ ಪಿನ್ ಒತ್ತೋ ತಗಡು ಇರಲಿಲ್ಲ ಅಂದ್ರ ರಿಂಗ್ 8ಕ್ಕ ಬಂದ್ರೂ ಬ್ಲೇಡ್ ಅಲ್ಲಾಡೂದಿಲ್ಲ. ಜುಪಿಟರ್ ಪ್ರಿಸೆಟ್, ಎರಡು ರಿಂಗ್: ಒಂದು ಮಿತಿ ಹಾಕ್ತದ, ಇನ್ನೊಂದು ಮುಚ್ಚತದ. ಎರಡನೇದು ತಿರುವಿಲ್ಲ ಅಂದ್ರ ನೀವು 3.5ರಾಗೇ ತಗೀಲಿಕತ್ತೀರಿ.

ಅಡಾಪ್ಟರ್. ನಿಕ್ಕರ್ ಮೌಂಟಿನಿಂದ ಸೆನ್ಸರಿಗೆ 46.5 ಎಂಎಂ, ಎಂ42ಕ್ಕ (ಟಾಕುಮಾರ್, ಜುಪಿಟರಿನ ತಿರುಪಿನ ಮೌಂಟ್) 45.46, ಸೋನಿ ಬಾಡಿದು 18. ಅಂದ್ರ ಅಡಾಪ್ಟರ್ ದಪ್ಪ 28.5 ಮತ್ತ 27.46 ಇರಬೇಕು. ಇದು 0.1 ಎಂಎಂ ಹೆಚ್ಚಾದ್ರ 200 ಎಂಎಂ ಲೆನ್ಸ್ ಸುಮಾರು 400 ಮೀಟರಿಗೆ ನಿಂತುಬಿಡ್ತದ, 0.3 ಹೆಚ್ಚಾದ್ರ 133 ಮೀಟರಿಗೆ. ನಿಮ್ಮ ನಿಕ್ಕರ್ ಮಾತ್ರ ಹೆಚ್ಚು ಮಬ್ಬಾಗಿದ್ದಕ್ಕ ನನ್ನ ಮೊದಲ ಸಂಶಯ ಇದರ ಮ್ಯಾಲೇ. ರಾತ್ರಿ ಚಂದ್ರಗ ಹಿಡಿದು ನೋಡ್ರಿ: ರಿಂಗ್ ಕಡೀಕ ತಾಗಿದ ಮ್ಯಾಲೂ ಅಂಚು ಚೂಪಾಗಲಿಲ್ಲಂದ್ರ ಅಡಾಪ್ಟರ್ ದಪ್ಪ, ಲೆನ್ಸ್ ನಿರ್ದೋಷಿ. ಇದೇ ಕಾರಣಕ್ಕ ಬಹಳಷ್ಟು ಕಂಪನಿಯವರು ಅಡಾಪ್ಟರ್ ಕೂದಲೆಳೆ ತೆಳ್ಳಗ ಮಾಡ್ತಾರ. ಆಗ ಲೆನ್ಸ್ ಇನ್ಫಿನಿಟಿ (ಅತಿ ದೂರದ ಫೋಕಸ್) ದಾಟಿ ಹೋಗ್ತದ. ಇದು ದೋಷ ಅಲ್ಲ, ಆದ್ರ ಇನ್ಫಿನಿಟಿ ಗುರುತಿಗೆ ತಾಗಿಸಿ ಕಣ್ಣು ಮುಚ್ಚಿ ತಗದ್ರ ಎಲ್ಲಾ ಫೋಟೋ ಮಬ್ಬು.

ಒಂದು ಬದಿ ಮಾತ್ರ ಮಬ್ಬು ಬಂದ್ರ ಎಂ42 ಲೆನ್ಸಿಗೆ ಸುಲಭ ಉಪಾಯ ಅದ. ಅಡಾಪ್ಟರ್ ಬದಿಗೆ ಮೂರು ಸಣ್ಣ ಸ್ಕ್ರೂ ಇದ್ರ ಸಡಿಲ ಮಾಡಿ, ಲೆನ್ಸ್ ಅರ್ಧ ಸುತ್ತು ತಿರುಗಿಸಿ, ಬಿಗಿದು ಮತ್ತ ತಗೀರಿ. ಮಬ್ಬು ಆ ಕಡೆ ಹೋತಂದ್ರ ಲೆನ್ಸಿನ ಗಾಜು ಸರಿದದ. ಅಲ್ಲೇ ಉಳೀತಂದ್ರ ಅಡಾಪ್ಟರ್ ಸೊಟ್ಟ. ಅಡಾಪ್ಟರ್ ಒಳಗ ಟಾರ್ಚ್ ಹಾಕಿ ನೋಡ್ರಿ, ಹೊಳಿತಿದ್ರ ಮ್ಯಾಟ್ ಕಪ್ಪು ಕಾಗದ ಅಂಟಿಸ್ರಿ. ಫುಲ್ ಫ್ರೇಮಿನ ಬೆಳಕು ಸಣ್ಣ ಸೆನ್ಸರಿನ ಆಚೆ ಬಿದ್ದು ಆ ಗೋಡೆಗೆ ಬಡಿದು ವಾಪಸ್ ಬರ್ತದ, ಫೋಟೋ ಹಾಲು ಚೆಲ್ಲಿದಂಗ ಬೆಳ್ಳಗಾಗ್ತದ. ಇದನ್ನ ಎಷ್ಟೋ ಮಂದಿ ಗಾಜಿನ ಮ್ಯಾಲಿನ ಹಳೆ ಕೋಟಿಂಗ್ (ಲೇಪ) ತಲಿಗೆ ಕಟ್ಟತಾರ.

ಇಷ್ಟೆಲ್ಲಾ ಸರಿ ಮಾಡಿದ ಮ್ಯಾಲ ಉಳಿಯೋ ಫರಕೇ ಗಾಜಿನ ಫರಕು. ಎಫ್/8ಕ್ಕ ಬಂದ್ರ ನಡುವಿನ ಅಕ್ಷರದಾಗ ಮೂರಕ್ಕೂ ಅಂಥಾ ಅಂತರ ಉಳಿಯೂದಿಲ್ಲ. ಅದಕ್ಕ ಚೂಪುತನ ಬಿಟ್ಟು ಬಣ್ಣದ ಅಂಚು ಹೋಲಿಸ್ರಿ. ಈ ಮೂರರಾಗ ಯಾವುದರಾಗೂ ಇ.ಡಿ. (ED, ಬಣ್ಣದ ಅಂಚು ತಗ್ಗಿಸೋ ವಿಶೇಷ) ಗಾಜಿಲ್ಲ. ಯಾದಗಿರಿ ಜಿಲ್ಲಾದ ಬೋನಾಳ ಪಕ್ಷಿಧಾಮದ ಕೆರಿ ಕಡೆ ಹೋಗೋರು ಬಿಸಿಲಿನ್ಯಾಗ ನಿಂತ ಬೆಳ್ಳಕ್ಕಿ ತಗೀರಿ, ಹಿಂದ ಕಪ್ಪು ನೀರು ಇರಲಿ: ಫೋಕಸಿನ ಮುಂದ ನೇರಳೆ, ಹಿಂದ ಹಸಿರು ಅಂಚು ಕಾಣ್ತದ. ಇದು ಅಪರ್ಚರ್ ಎಫ್/5.6, 8ಕ್ಕ ಇಳಿಸಿದ್ರ ತಗ್ತದ. ಫ್ರೇಮಿನ ಮೂಲ್ಯಾಗ ಬರೋ ಕೆಂಪು-ನೀಲಿ ಅಂಚು ಬ್ಯಾರೆ ಜಾತಿ, ಅಪರ್ಚರಿಗೆ ಜಗ್ಗೂದಿಲ್ಲ, ಆದ್ರ ರಾ ಸಾಫ್ಟ್‌ವೇರ್‌ನಾಗ ಒಂದು ಟಿಕ್ ಹಾಕಿದ್ರ ಹೋಗ್ತದ. ಹಂಗಾಗಿ ಮಾರ್ಕು ಕಳಿಯೋದಿದ್ರ ಮೊದಲನೇದಕ್ಕ ಕಳೀರಿ.

ಹಿಂದಿನ ಬೊಕೆ (ಫೋಕಸ್ ಇಲ್ಲದ ಭಾಗದ ಮೆತ್ತನ ಮಬ್ಬು) ಬೇಕಂದ್ರ ಜುಪಿಟರ್: 12 ಬ್ಲೇಡ್, ಎಷ್ಟು ಮುಚ್ಚಿದ್ರೂ ದುಂಡಗ. 1.2 ಮೀಟರಿಗೆ ಫೋಕಸ್ ಆಗ್ತದ, ಹೂವು, ಚಿಟ್ಟಿಗೆ ಸಾಕು. ನಿಕ್ಕರ್ 2 ಮೀಟರ್, ಟಾಕುಮಾರ್ 2.5. ನಿಕ್ಕರಿಗೆ ಜಾರಿಸೋ ಹುಡ್ ಮೈಯಾಗೇ ಅದ, ಎದುರು ಬಿಸಿಲಿನ್ಯಾಗ ಅದರ ಬೆಲೆ ತಿಳೀತದ.

ಇನ್ನು ಒಳಗ ಒಂದು ಸಲ ನೋಡ್ರಿ. ಅಪರ್ಚರ್ ಪೂರ್ತಿ ತಗದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಡ್ರಿ. ಜೇಡನ ಬಲಿ ಥರ ಎಳಿ ಇದ್ರ ಫಂಗಸ್, ಉಸಿರು ಬಿಟ್ಟಂಗ ಪೂರ್ತಿ ಮಬ್ಬಿದ್ರ ಗ್ರೀಸಿನ ಆವಿ ಗಾಜಿಗೆ ಕುಂತದ. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಕಾರಿನಾಗ ಬಿಟ್ಟ ಲೆನ್ಸಿನ್ಯಾಗ ಗ್ರೀಸ್ ಕರಗಿ ಬ್ಲೇಡಿಗೆ ಇಳೀತದ. ಜುಪಿಟರ್ ಬ್ಲೇಡ್ ಕೈಯಿಂದ ತಿರುವೋದು, ಎಣ್ಣಿ ಇದ್ರೂ ನಡೀತದ. ಟಾಕುಮಾರಿನ ಸ್ಪ್ರಿಂಗಿಗೆ ಮಾತ್ರ ಅದು ತೊಂದರಿ. ಆವಿ ಕುಂತ ಲೆನ್ಸನ್ನ ಹೋಲಿಕಿಗೆ ಇಡಬ್ಯಾಡ್ರಿ, ಸ್ವಚ್ಛ ಮಾಡಿಸಿದ ಮ್ಯಾಲ ಅದು ಬ್ಯಾರೆ ಲೆನ್ಸೇ ಆಗ್ತದ.

ಮೊದಲ ಚಂದ್ರನ ಫೋಟೋ, ಆಮ್ಯಾಲ ಗೋಡೆ ಫೋಟೋದ ನಡು ಭಾಗ ಮತ್ತ ಒಂದು ಮೂಲಿ ಕತ್ತರಿಸಿ ಇಲ್ಲೇ ಹಾಕ್ರಿ ಸರ್, ಶಾರ್ಪನಿಂಗ್ ಸೊನ್ನೆ ಇಟ್ಟು. ನಿಕ್ಕರ್ ಮಾರೋ ಮಾತು ಅದನ್ನ ನೋಡಿ ಆಡೋಣು.