ಊಟ ಮುಗಿಸಿ ಬರೋಷ್ಟರಲ್ಲಿ ಮೇನ್‌ಫ್ರೇಮ್ ಸೆಷನ್ ನಿಂತುಹೋಗೋದು
ಊಟಕ್ಕೆ ಹೋಗಿ ಬರೋಷ್ಟರಲ್ಲಿ ಮೇನ್‌ಫ್ರೇಮ್ (ದೊಡ್ಡ ಕೇಂದ್ರ ಕಂಪ್ಯೂಟರ್) ಸೆಷನ್ ನಿಲ್ಲುತ್ತೆ, ಮತ್ತೆ ಲಾಗಿನ್ ಮಾಡಿದರೆ 'ಎಲ್‌ಯು ಬಳಕೆಯಲ್ಲಿದೆ' (ನಿಮ್ಮ ಟರ್ಮಿನಲ್‌ಗೆ ಮೇನ್‌ಫ್ರೇಮ್ ಕೊಡೋ ಹೆಸರು ಹಳೇ ಸೆಷನ್ ಹತ್ರಾನೇ ಇದೆ) ಅನ್ನುತ್ತೆ ಅಂತ ಕೇಳಿದ್ದೀರಿ. ನಿಮ್ಮ ಚಿಕ್ಕಮಗಳೂರು ಶಾಖೆಯ ಲ್ಯಾನ್‌ಗೂ (ಒಳ ನೆಟ್‌ವರ್ಕ್) ಬೆಂಗಳೂರಿನ ಮೇನ್‌ಫ್ರೇಮ್‌ಗೂ ನಡುವೆ ಇರೋ ಫೈರ್‌ವಾಲ್ (ನೆಟ್‌ವರ್ಕ್ ಸಂಚಾರ ಕಾಯೋ ತಡೆ), ಸುಮ್ಮನಿರೋ ಕನೆಕ್ಷನ್ನನ್ನ ಮರೆತುಬಿಡ್ತಿದೆ ಅನ್ಸುತ್ತೆ. ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ಮಾತ್ರ ಟಿಎನ್3270 (ಟೆಲ್ನೆಟ್ ಮೂಲಕ ಪಿಸಿಯಲ್ಲಿ ಮೇನ್‌ಫ್ರೇಮ್ ಪರದೆ ತೋರಿಸೋ ವಿಧಾನ) ಸೆಷನ್ ನಿಲ್ಲುತ್ತೆ ಅಂದಿದ್ದೀರಲ್ಲ, ಅದೇ ಸುಳಿವು. ಹಾಸನದ ನಮ್ಮ ಆಫೀಸಿನಲ್ಲೂ ಥೇಟ್ ಹೀಗೇ ಆಗಿತ್ತು.

ಮೊದಲು ಖಚಿತ ಮಾಡ್ಕೊಳ್ಳಿ. ಎಂಟರ್ ಒತ್ತಿದ ಮೇಲೆ ಪರದೆಯ ಕೊನೇ ಸಾಲಿನಲ್ಲಿ ಎಕ್ಸ್ ಜೊತೆ ಗಡಿಯಾರದ ಚಿಹ್ನೆ ಬಂದು ಹಾಗೇ ಕೂತರೆ ಬಹುಪಾಲು ಫೈರ್‌ವಾಲ್ ಕೆಲಸ. ಏನೂ ಒತ್ತದೆ, ನಿಮ್ಮ ಕಣ್ಣೆದುರೇ ಸೆಷನ್ ತಾನಾಗಿ ಮುಚ್ಚಿಕೊಂಡರೆ ಮೇನ್‌ಫ್ರೇಮ್ ಕಡೆಯ 'ಇನ್‌ಆ್ಯಕ್ಟಿವ್' ಮಿತಿ (ಸುಮ್ಮನಿರೋ ಸೆಷನ್ನನ್ನ ಮುಚ್ಚೋ ಸಮಯ) ಇರಬಹುದು. ಅದಕ್ಕೆ ಮುಂದೆ ಹೇಳೋ ಮದ್ದು ನಾಟೋದಿಲ್ಲ, ಅಲ್ಲಿನ ಸಿಸ್ಟಮ್ ಪ್ರೋಗ್ರಾಮರ್‌ನ ಕೇಳಬೇಕು.

ಫೈರ್‌ವಾಲೇ ಆದರೆ, ಒಂದೇ ಪಿಸಿಯಲ್ಲಿ ಎಮ್ಯುಲೇಟರ್‌ನ (ಮೇನ್‌ಫ್ರೇಮ್ ಪರದೆ ತೋರಿಸೋ ಪ್ರೋಗ್ರಾಮ್) ಕನೆಕ್ಷನ್ ಸೆಟ್ಟಿಂಗ್‌ಗೆ ಹೋಗಿ ಕೀಪ್‌ಅಲೈವ್ (ಕನೆಕ್ಷನ್ ಜೀವಂತ ಇಡೋಕೆ ಆಗಾಗ ಕಳಿಸೋ ಪುಟ್ಟ ಸಂದೇಶ) ಹಾಕಿ. ಇಲ್ಲೇ ಎಲ್ಲರೂ ಎಡವೋದು: ಟಿಸಿಪಿ ಕೀಪ್‌ಅಲೈವ್‌ಗೆ ಬರೀ ಟಿಕ್ ಹಾಕಿದರೆ ವಿಂಡೋಸ್ ತನ್ನ ಮಾಮೂಲಿ 2 ಗಂಟೆಗೊಮ್ಮೆ ಕಳಿಸುತ್ತೆ, ಅಷ್ಟರಲ್ಲಿ ಕನೆಕ್ಷನ್ ಹೋಗಿರುತ್ತೆ. ಟೆಲ್ನೆಟ್‌ನ 'ನಾಪ್' (ಖಾಲಿ ಸಂದೇಶ) ಅಥವಾ 'ಟೈಮಿಂಗ್ ಮಾರ್ಕ್' (ಉತ್ತರ ಕೇಳೋ ಸಂದೇಶ) ಆಯ್ಕೆ ಇದ್ದರೆ ಅದನ್ನೇ ತಗೊಂಡು 5 ನಿಮಿಷ ಕೊಡಿ. ಊಟಕ್ಕೆ ಹೋಗಿ ಬಂದು ಎಂಟರ್ ಒತ್ತಿ ನೋಡಿ.

ಆ ಆಯ್ಕೆ ಇಲ್ಲದಿದ್ದರೆ, ಅಥವಾ ಪಿಸಿಗಳು ಬಹಳ ಇದ್ದರೆ, ಝಡ್‌ಓಎಸ್ (ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಕಡೆಯವರಿಗೆ ಟೆಲ್ನೆಟ್ ಪ್ರೊಫೈಲ್‌ನಲ್ಲಿ 'ಟೈಮ್‌ಮಾರ್ಕ್' (ಎಷ್ಟು ಹೊತ್ತು ಸುಮ್ಮನಿದ್ದರೆ ಸಂದೇಶ ಕಳಿಸಬೇಕು), 'ಸ್ಕ್ಯಾನ್‌ಇಂಟರ್ವಲ್' (ಎಷ್ಟು ಹೊತ್ತಿಗೊಮ್ಮೆ ಸೆಷನ್‌ಗಳನ್ನ ನೋಡಬೇಕು) ಎರಡೂ ಸೇರಿ ಫೈರ್‌ವಾಲ್ ಅವಧಿಗಿಂತ ಕಡಿಮೆ ಆಗೋ ಹಾಗೆ ಇಡೋಕೆ ಹೇಳಿ. ನನಗೆ ಕೇಳಿದರೆ ಇದೇ ವಾಸಿ. ಸತ್ತ ಸೆಷನ್ ಬೇಗ ತೆರವಾಗೋದ್ರಿಂದ, ಮತ್ತೆ ಲಾಗಿನ್ ಮಾಡುವಾಗ 'ಎಲ್‌ಯು ಬಳಕೆಯಲ್ಲಿದೆ' ಅನ್ನೋ ನಿಮ್ಮ ಎರಡನೇ ತೊಂದರೆಯೂ ಇದರಲ್ಲೇ ತೀರಬೇಕು.